ಎಂಟು ದಿನ ಬಿಟ್ಟು ಕೇಳಿ

ಬೇಸಾಯದ ಮೇಷ್ಟ್ರ ಬಲಗಾಲಿನ ಹೆಬ್ಬೆರಳು ಉಳಿದ ಒಂಬತ್ತು ಬೆರಳುಗಳ ಬಣ್ಣದ್ದಲ್ಲ. ಉಗುರಿನ ಸುತ್ತ ಕೆಮ್ಮಣ್ಣು ಕೂತು ಕೂತು, ಎಷ್ಟು ತಿಕ್ಕಿ ತೊಳೆದರೂ ಹೋಗದಂತೆ ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ಮೈಮೇಲೆ ಕರಿ ಕೋಟು, ತಲೆಗೆ ಬಿಳಿ ರುಮಾಲು, ಮೊಳಕಾಲವರೆಗೆ ಎತ್ತಿ ಕಟ್ಟಿದ ಪಂಚೆ. ಚಪ್ಪಲಿ ಮಾತ್ರ ಕಾಲಲ್ಲಿರದೆ ಎಡಗೈಯಲ್ಲಿ. ಹೊಲದ ಬದುವಿಗೆ ಬಂದು ನಿಂತರೆಂದರೆ ಆ ಹೆಬ್ಬೆರಳನ್ನು ಮಣ್ಣಿಗೆ ಊರಿ, ಬೀಗದ ಕೈ ತಿರುಗಿಸಿದಂತೆ ಒಂದು ಸುತ್ತು ತಿರುಗಿಸಿ, ಕಣ್ಣು ಮುಚ್ಚಿಕೊಂಡು ಸುಮ್ಮನಿರುತ್ತಿದ್ದರು. ಹಿಂದೆ ಮೂವತ್ತು ಹುಡುಗರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಆಮೇಲೆ "ಇವತ್ತು ಬೇಡ" ಅನ್ನುವರು, ಇಲ್ಲವೆ "ಹೂಂ, ನಡೀರ್ಲಾ" ಅನ್ನುವರು. ಬೇಡ ಎಂದರೆ ಎಲ್ಲರೂ ತಿರುಗಿ ಶಾಲೆಗೆ ಹೋಗಿ ಕಾಪಿ ಬರೆಯಬೇಕು. ಯಾಕೆ ಬೇಡ ಎಂದು ಕೇಳುವ ಪದ್ಧತಿ ಇರಲಿಲ್ಲ.

ನಾನು ಕೇಳಿದೆ. ನನಗೆ ಕೇಳುವುದೇ ಕೆಲಸವಾಗಿತ್ತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಟ್ರೈನಿಂಗ್ ಸ್ಕೂಲಿನಿಂದ ನನ್ನನ್ನು ಆರು ವಾರದ ಮಟ್ಟಿಗೆ ನಂದಗುಡಿಯ ಹತ್ತಿರದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಕಳಿಸಿದ್ದರು. ಅಲ್ಲಿ ಬೇಸಾಯವನ್ನೂ ಒಂದು ಪಾಠವಾಗಿ ಕಲಿಸುತ್ತಿದ್ದರು. ಅನುಭವಸ್ಥ ಮೇಷ್ಟ್ರುಗಳು ಕಲಿಸುವುದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ನೋಡಿದ್ದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು, ಶನಿವಾರ ಶನಿವಾರ ಆ ಹಾಳೆಗಳನ್ನು ನಮ್ಮ ಉಪನ್ಯಾಸಕರಿಗೆ ಟಪಾಲಿನಲ್ಲಿ ಕಳಿಸಬೇಕು. ಆ ಪುಸ್ತಕಕ್ಕೆ ಮಾರ್ಕು. ಆ ಮಾರ್ಕು ಬಂದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಬಂದರೆ ಕೆಲಸ. ನಮ್ಮ ಮನೆಗೆ ಆ ಕೆಲಸ ಆಗ ಬೇಕೇ ಬೇಕಿತ್ತು. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಯುದ್ಧ ಶುರುವಾದ ಮೇಲೆ ನೂಲು ಸಿಗದೆ ಅಪ್ಪನ ಮಗ್ಗ ವಾರದಲ್ಲಿ ಮೂರು ದಿನ ಸುಮ್ಮನೆ ನಿಲ್ಲುತ್ತಿತ್ತು. ಮಗ್ಗದ ಸದ್ದಿಲ್ಲದ ದಿನ ಅಪ್ಪ ಮನೆಯೊಳಗೆ ಕೂರುತ್ತಿರಲಿಲ್ಲ, ಬೀದಿ ತಿರುಗುತ್ತಿದ್ದರು.

ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ, ದಿಬ್ಬ ಬಂದಾಗಲೆಲ್ಲ ಇಳಿದು ತಳ್ಳಿಕೊಂಡು, ಶ್ರಾವಣದ ಮೊದಲ ಸೋಮವಾರ ಆ ಊರು ಸೇರಿದೆ. ಮೊದಲು ಎದುರಾದವರೇ ಬೇಸಾಯದ ಮೇಷ್ಟ್ರು.

"ಬಂದ್ರಾ ಮೇಷ್ಟ್ರೇ. ಯಾವೂರು?"

ನನ್ನನ್ನು ಅದುವರೆಗೆ ಯಾರೂ ಮೇಷ್ಟ್ರೇ ಎಂದು ಕರೆದಿರಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಊರು ಹೇಳಿದೆ, ಮನೆತನ ಹೇಳಿದೆ.

"ಹಂಗಾದ್ರೆ ಹೊಲ ಗೊತ್ತಿಲ್ಲ."

"ರಾಗಿಮುದ್ದೆ ಗೊತ್ತು" ಅಂದೆ, ಜಂಬದಿಂದ.

ಅವರು ನಗಲಿಲ್ಲ. "ಅದು ಎಲ್ಲಾರ್ಗೂ ಗೊತ್ತು" ಎಂದು ಹೇಳಿ ಚಪ್ಪಲಿ ಹಿಡಿದುಕೊಂಡು ಹೊರಟುಹೋದರು.

ಆ ಶಾಲೆಯಲ್ಲಿ ಬೇಸಾಯಕ್ಕೆ ಇಬ್ಬರು ಮೇಷ್ಟ್ರು. ಎರಡನೆಯವರನ್ನು ಚಿಕ್ಕ ಮೇಷ್ಟ್ರು ಅನ್ನುತ್ತಿದ್ದರು. ವಯಸ್ಸಿನಲ್ಲಿ ಅವರು ಹಿರಿಯರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದರೂ ಅವರಿಗೂ ಎಂಟು ಹತ್ತು ವರ್ಷದ ಸರ್ವೀಸು ಆಗಿತ್ತು. ಬೇಸಾಯದ ಶಾಲೆಯಲ್ಲಿ ಓದಿ ಬಂದವರು. ಅವರ ಪಾಠವೆಂದರೆ ನನಗೆ ಹಬ್ಬ. ಬಣ್ಣಬಣ್ಣದ ಪಟಗಳು, ಗೊಬ್ಬರದ ಹೆಸರುಗಳು, ಕಪ್ಪು ಹಲಗೆಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ. ಪೀಠಿಕೆ, ವಿಷಯ ನಿರೂಪಣೆ, ಪುನರಾವರ್ತನೆ ಎಂದು ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟ ಮೂರು ಮೆಟ್ಟಿಲನ್ನೂ ಒಂದೂ ಬಿಡದೆ ಹತ್ತುತ್ತಿದ್ದರು. ನಾನು ಪುಟಗಟ್ಟಲೆ ಬರೆದುಕೊಂಡೆ.

ಹಿರಿಯರ ಪಾಠದಲ್ಲಿ ನನಗೆ ಬರೆಯಲು ಏನೂ ಸಿಗುತ್ತಿರಲಿಲ್ಲ. ಮೊದಲ ದಿನ ಅವರು ತೆಂಗಿನ ಕರಟದಲ್ಲಿ ನಾಲ್ಕು ಕಡೆಯ ಮಣ್ಣು ತಂದು ಮೇಜಿನ ಮೇಲಿಟ್ಟರು. ಹುಡುಗರು ಒಬ್ಬೊಬ್ಬರಾಗಿ ಬಂದು ಮೂಸಿ ನೋಡಬೇಕು, ಯಾವ ಹೊಲದ್ದು ಹೇಳಬೇಕು. ಮುಕ್ಕಾಲು ಗಂಟೆ ಇದೇ. ಒಬ್ಬ ಹುಡುಗ ಮೂರನೆಯ ಕರಟ ಮೂಸಿ, "ಇದು ನಮ್ ಮಾವನ್ ಹೊಲದ್ದು ಸಾ" ಅಂದ.

"ಯಂಗ್ ಹೇಳ್ದೆ?"

"ಹೋದ್ ತಿಂಗ್ಳು ಕುರಿ ಮಂದೆ ನಿಲ್ಸಿದ್ರು ಸಾ. ಇನ್ನೂ ಗಬ್ಬು ಐತೆ."

ಮೇಷ್ಟ್ರು ಹುಬ್ಬು ಎತ್ತಿದರು. ಅವರ ಮಟ್ಟಿಗೆ ಅದು ಶಹಭಾಸ್‌ಗಿರಿ. ನಾನೂ ಹೋಗಿ ಮೂಸಿದೆ. ನಾಲ್ಕೂ ಕರಟದಲ್ಲಿ ಮಣ್ಣಿನ ವಾಸನೆಯೇ ಬಂತು. ಬೆಂಚಿಗೆ ಹಿಂತಿರುಗಿ ನನ್ನ ಪುಸ್ತಕದಲ್ಲಿ ಬರೆದೆ: "ಪೀಠಿಕೆ ಇಲ್ಲ. ನಿರೂಪಣೆ ಇಲ್ಲ. ಕಪ್ಪು ಹಲಗೆಯನ್ನು ಉಪಯೋಗಿಸಲಿಲ್ಲ."

ಉಪಯೋಗಿಸುವ ಮನಸ್ಸು ಮಾಡಿದರೂ ಕಷ್ಟವೇ. ಕೋಟಿನ ಜೇಬಿಗೆ ಕೈ ಹಾಕಿ ಸೀಮೆಸುಣ್ಣ ತೆಗೆದರೆ ಜೊತೆಗೆ ಅವರೆಕಾಳು, ತೊಗರಿಕಾಳು ಉದುರುತ್ತಿದ್ದವು. ಆರನೆಯ ತರಗತಿಯ ಮೂಲೆಯಲ್ಲಿ, ಸೂರು ಸೋರುವ ಕಡೆ, ಹಾಗೆ ಬಿದ್ದ ಕಾಳಿನಿಂದ ಒಂದು ಅವರೆಗಿಡ ಹುಟ್ಟಿ ಕಿಟಕಿಯ ಸರಳು ಹಿಡಿದು ಹತ್ತುತ್ತಿತ್ತು. ಅದನ್ನು ಯಾರೂ ಕೀಳಲಿಲ್ಲ, ಹೆಡ್ಮೇಷ್ಟ್ರು ಕೂಡ.

ನನಗೆ ಶಾಲೆಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಊಟ ಮೇಷ್ಟ್ರ ಮನೆಯಿಂದ ಬರುತ್ತಿತ್ತು. ಮೇಷ್ಟ್ರ ಹೆಂಡತಿಯೇ ಮುದ್ದೆ, ಸೊಪ್ಪಿನ ಸಾರು ತಂದು ಇಟ್ಟು, ನಾನು ಉಣ್ಣುವವರೆಗೆ ಹೊಸಿಲ ಮೇಲೆ ಕೂತಿರುತ್ತಿದ್ದರು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಮೇಷ್ಟ್ರು ಯಾಕೆ ಯಾವುದಕ್ಕೂ ಉತ್ತರ ಹೇಳುವುದಿಲ್ಲ ಎಂದು ಒಂದು ದಿನ ಅವರನ್ನೇ ಕೇಳಿದೆ.

"ಅಯ್ಯೋ, ಮಾತ್ನೂ ಬಿತ್ನೆ ಕಾಳಂಗೆ ಮಡಕೇಲಿ ತುಂಬಿ ಬಾಯ್ ಕಟ್ಟಿ ಮಡಗವ್ರೆ ಕಣಪ್ಪಾ" ಅಂದರು. "ನಮ್ ಮದ್ವೆ ಆಗಿ ಮೂವತ್ ವರ್ಸ ಆಯ್ತು. ಸಾರು ಚೆಂದಾಗೈತೆ ಅಂತ ಹೇಳ್ಬೇಕಂದ್ರೂ ಮಾರನೇ ದಿನ ಹೇಳ್ತಾರೆ."

ಅದು ನಿಜ. ಮೇಷ್ಟ್ರ ಖಾಯಂ ಉತ್ತರ ಒಂದೇ: "ಎಂಟು ದಿನ ಬಿಟ್ಟು ಕೇಳಿ." ಹುಡುಗರಿಗಾದರೆ ಕೇಳು, ನನಗಾದರೆ ಕೇಳಿ. ಅಷ್ಟೇ ವ್ಯತ್ಯಾಸ.

ಅವರಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಒಂದು ಉದ್ದನೆಯ ಪುಸ್ತಕ. ಮಧ್ಯಾಹ್ನ ಶಾಲೆಯ ಹಿಂದಿನ ಹೊಂಗೆ ಮರದ ಬುಡದಲ್ಲಿ ಕೂತು ಅದರಲ್ಲಿ ಎರಡೋ ಮೂರೋ ಸಾಲು ಬರೆಯುತ್ತಿದ್ದರು. ನಾನು ಇಣುಕಿ ನೋಡಿದೆ. ಬಲಗಡೆಯ ಪುಟಗಳಲ್ಲಿ ಮಾತ್ರ ಬರವಣಿಗೆ. ಎಡಗಡೆಯವು ಹೆಚ್ಚು ಕಡಿಮೆ ಖಾಲಿ, ಅಲ್ಲೊಂದು ಇಲ್ಲೊಂದು ಸಾಲು. ಕಾಗದ ಸಿಗದೆ ಮಕ್ಕಳು ಬಾಳೆಲೆಯ ಮೇಲೆ ಲೆಕ್ಕ ಮಾಡುವಂಥ ದಿನಗಳಲ್ಲಿ ಇದೆಂಥ ದುಂದು ಎನಿಸಿತು.

"ಇದು ಯಾಕೆ ಮೇಷ್ಟ್ರೇ ಖಾಲಿ ಬಿಟ್ಟಿದ್ದೀರಿ?"

"ಆಮೇಲೆ ಬೇಕಾಯ್ತದೆ" ಅಂದು ಪುಸ್ತಕ ಮುಚ್ಚಿದರು.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ಶಾಲೆಯ ಹಿಂದೆ ಅರ್ಧ ಎಕರೆ ಹೊಲ. ಆಷಾಢದಲ್ಲಿ ಹುಡುಗರೇ ಚೆಲ್ಲಿ ಬಿತ್ತಿದ್ದ ರಾಗಿ ಗೇಣುದ್ದ ಎದ್ದು, ನೆಲ ಕಾಣದ ಹಾಗೆ ಹಸಿರಾಗಿ ನಿಂತಿತ್ತು. ಬೆಳಗ್ಗೆ ಎದ್ದು ಅದನ್ನು ನೋಡಿದರೆ ಅಪ್ಪ ಮಗ್ಗಕ್ಕೆ ಏರಿಸಿದ ಹೊಸ ನೂಲಿನ ಹಾಸನ್ನು ನೋಡಿದಷ್ಟು ಖುಷಿಯಾಗುತ್ತಿತ್ತು. ನಾನು ಬಂದ ವಾರದ ಶುಕ್ರವಾರ ಮೇಷ್ಟ್ರು ಹೆಬ್ಬೆರಳು ಊರಿ ಮಣ್ಣಿನ ಹದ ನೋಡಿ, ಕಣ್ಣು ಮುಚ್ಚಿ, "ಹೂಂ" ಅಂದರು. ಯಾರದೋ ಮನೆಯಿಂದ ಜೊತೆ ಎತ್ತು ಬಂತು. ಎತ್ತಿನ ಹಿಂದೆ ಕುಂಟೆ. ಅಡ್ಡಮರಕ್ಕೆ ಕಬ್ಬಿಣದ ಅಲಗು ಬಡಿದು ಮಾಡಿದ್ದು. ಮೇಷ್ಟ್ರು ಕೋಟು ಬಿಚ್ಚಿ ಬೇಲಿಗೆ ಹಾಕಿ, ಆ ಕುಂಟೆಯನ್ನು ನೇರ ಪೈರಿನೊಳಕ್ಕೆ ಇಳಿಸಿದರು.

ನಾನು ಬದುವಿನ ಮೇಲೆ ಬೆಪ್ಪಾಗಿ ನಿಂತೆ. ಅಲಗಿನ ದಾರಿಗೆ ಸಿಕ್ಕ ಪೈರೆಲ್ಲ ಬೇರು ಮೇಲಾಗಿ ಬೀಳುತ್ತಿತ್ತು. ಉಳಿದದ್ದು ಮಣ್ಣು ಮೆತ್ತಿಕೊಂಡು ಮಲಗುತ್ತಿತ್ತು. ಮೇಷ್ಟ್ರು ಒಂದು ಸಾಲು ಹೋಗಿ ಬಂದು ಕುಂಟೆಯನ್ನು ದೊಡ್ಡ ಹುಡುಗರ ಕೈಗೆ ಕೊಟ್ಟರು. ಅವರು ಸರದಿಯ ಮೇಲೆ, ನಗುನಗುತ್ತಾ, ತಾವೇ ಬಿತ್ತಿದ್ದನ್ನು ತಾವೇ ಕೀಳುತ್ತಿದ್ದರು. ನಾನು ನೇಕಾರನ ಮಗ. ನಮ್ಮ ಮನೆಯಲ್ಲಿ ಹಾಸಿನ ಒಂದೇ ಒಂದು ಎಳೆ ಹರಿದರೂ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಆಮೇಲೇ ಮುಂದಿನ ಲಾಳಿ. ಇಲ್ಲಿ ಮೂರರಲ್ಲಿ ಒಂದು ಪಾಲು ಹರಿದುಹಾಕುತ್ತಿದ್ದಾರೆ, ಅದೂ ಊರೂರಲ್ಲಿ ರಾಗಿಗೆ ರೇಷನ್ ಇರುವಾಗ.

"ಮೇಷ್ಟ್ರೇ, ಇದೇನು ಮಾಡ್ತಿದ್ದೀರಿ? ಯಾಕೆ ಪೈರು ಕೀಳಿಸ್ತಿದ್ದೀರಿ?"

"ಎಂಟು ದಿನ ಬಿಟ್ಟು ಕೇಳಿ ಮೇಷ್ಟ್ರೇ" ಎಂದರು, ತಿರುಗಿಯೂ ನೋಡದೆ.

ಹುಡುಗರನ್ನು ಕೇಳಬಹುದಿತ್ತು. ಚಿಕ್ಕ ಮೇಷ್ಟ್ರನ್ನು ಕೇಳಬಹುದಿತ್ತು. ಅಮ್ಮನನ್ನು ಕೇಳಿದ್ದರೂ ಮುದ್ದೆ ಇಡುವುದರೊಳಗೆ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಕೊಬ್ಬು. ಸಿಟ್ಟಿನಲ್ಲೇ ಕೋಣೆಗೆ ಹೋಗಿ ಒಳ್ಳೆ ಅಕ್ಷರದಲ್ಲಿ ಬರೆದೆ: "ಆಹಾರದ ಅಭಾವವಿರುವ ಈ ಕಾಲದಲ್ಲಿ, ಸೊಂಪಾಗಿ ಬೆಳೆದಿದ್ದ ಪೈರಿನ ಮೂರನೆಯ ಒಂದು ಭಾಗವನ್ನು ವಿದ್ಯಾರ್ಥಿಗಳ ಕೈಯಿಂದಲೇ ನಾಶ ಮಾಡಿಸಲಾಯಿತು. ಕಾರಣವನ್ನು ವಿದ್ಯಾರ್ಥಿಗಳಿಗಾಗಲಿ ವೀಕ್ಷಕನಿಗಾಗಲಿ ತಿಳಿಸಲಿಲ್ಲ. ಕೆಲಸವನ್ನಾದರೂ ಪೂರ್ತಿ ಮಾಡಲಿಲ್ಲ. ಬೇಲಿಯ ಪಕ್ಕದ ಒಂದು ಪಟ್ಟಿಯನ್ನು ಹಾಗೆಯೇ ಬಿಟ್ಟರು." ಮರುದಿನ ಶನಿವಾರ. ಹಾಳೆ ಟಪಾಲಿಗೆ ಹೋಯಿತು.

ಉಪನ್ಯಾಸಕರಿಂದ ಮುಂದಿನ ವಾರವೇ ಕಾರ್ಡು ಬಂತು. "ನಿಮ್ಮ ವೀಕ್ಷಣೆ ಸೂಕ್ಷ್ಮವಾಗಿದೆ. ಹೀಗೆಯೇ ಮುಂದುವರಿಯಿರಿ." ಆ ಕಾರ್ಡನ್ನು ನಾನು ಎಷ್ಟು ಸಲ ಓದಿಕೊಂಡೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಎಂಟನೆಯ ದಿನ ಮೇಷ್ಟ್ರು ಹೊಂಗೆ ಮರದ ಕೆಳಗೆ ಏನನ್ನೋ ಕಾಯುವವರಂತೆ ನನ್ನ ಕಡೆಗೇ ನೋಡುತ್ತಾ ಕೂತಿದ್ದರು. ನಾನು ತಲೆಬಾಗಿ ನಮಸ್ಕಾರ ಮಾಡಿ ಮುಂದೆ ಹೋದೆ. ಕೇಳಬೇಕಾದದ್ದನ್ನು ಕೇಳಲಿಲ್ಲ. ಬರೆದು ಮುಗಿಸಿದ ಮೇಲೆ ಕೇಳುವುದು ಏನಿದೆ?

ಮೂರನೆಯ ವಾರ ಚಿಕ್ಕ ಮೇಷ್ಟ್ರು ನನ್ನ ಕೋಣೆಗೆ ನುಗ್ಗಿದರು. ಯಾವಾಗಲೂ ಮೆತ್ತಗೆ ಮಾತಾಡುವವರು, ಮುಖ ಕೆಂಪಗಾಗಿತ್ತು.

"ಏನ್ರೀ ಬರ್ದು ಕಳಿಸಿದ್ದೀರಿ ನೀವು?"

ನನ್ನ ಹಾಳೆ ಉಪನ್ಯಾಸಕರಿಂದ ಇನ್‌ಸ್ಪೆಕ್ಟರ ಕಚೇರಿಗೆ ಹೋಗಿತ್ತು. ಅಲ್ಲಿಂದ ಹೆಡ್ಮೇಷ್ಟ್ರಿಗೆ ಮೆಮೋ. ನನ್ನ ವಾಕ್ಯವನ್ನೇ ಅದರಲ್ಲಿ ಇಳಿಸಿದ್ದರು. ಮಕ್ಕಳನ್ನು ಓದಲು ಕಳಿಸಿದರೆ ಕೂಲಿ ಮಾಡಿಸುತ್ತಾರೆ ಎಂದು ಕೆಲವು ತಂದೆತಾಯಿಗಳು ಮೊದಲೇ ದೂರು ಕೊಟ್ಟಿದ್ದರಂತೆ. ಈಗ ಇದು. ಇನ್‌ಸ್ಪೆಕ್ಟರು ಸ್ವತಃ ಬಂದು ನೋಡುತ್ತಾರೆ. ಬರೆದದ್ದು ನಿಜವಾದರೆ ಆ ಶಾಲೆಯಲ್ಲಿ ಬೇಸಾಯದ ಪಾಠ ಬಂದ್, ಹಿರಿಯ ಮೇಷ್ಟ್ರಿಗೆ ದೂರದ ತಾಲ್ಲೂಕಿಗೆ ವರ್ಗ. ಅವರಿಗೆ ಪೆನ್ಷನ್ನಿಗೆ ಎರಡೇ ವರ್ಷ ಉಳಿದಿತ್ತು.

"ರಾಗಿಗೆ ಕುಂಟೆ ಹೊಡೆಯೋದು ಅಂದ್ರೆ ಏನು ಅಂತ ಈ ಊರಿನ ದನಕ್ಕೂ ಗೊತ್ತು ಕಣ್ರೀ. ನನ್ನ ಪುಸ್ತಕದಲ್ಲೂ ಇದೆ. ಒಂದು ಮಾತು ಕೇಳ್ಬಾರ್ದಿತ್ತಾ?"

ಮಧ್ಯಾಹ್ನ ಅಮ್ಮ ಎಂದಿನಂತೆ ಮುದ್ದೆ ತಂದರು. ಮೆಮೋ ಬಂದದ್ದು ಅವರ ಮನೆಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ತುಪ್ಪದ ಮಿಳ್ಳೆಯನ್ನು ಮರೆತಿರಲಿಲ್ಲ. ಮೇಷ್ಟ್ರೂ ಅಂದು ಸಂಜೆ ಸಿಕ್ಕಾಗ "ಏನ್ ಮೇಷ್ಟ್ರೇ, ಉಂಡ್ರಾ?" ಎಂದಷ್ಟೇ ಕೇಳಿದರು. ನಾಲ್ಕು ಬೈದಿದ್ದರೆ ನನಗೆ ಊಟ ಒಳಗೆ ಹೋಗುತ್ತಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೊಲಕ್ಕೆ ಇಳಿದೆ. ಅಷ್ಟು ದಿನ ಬದುವಿನ ಮೇಲಿಂದಲೇ ನೋಡುತ್ತಿದ್ದವನು ಅವತ್ತು ಮೊದಲ ಸಲ ಚಪ್ಪಲಿ ಬಿಟ್ಟು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತೆ. ನಾಶವಾಯಿತು ಎಂದು ನಾನು ಬರೆದ ಹೊಲ ಕಪ್ಪು ಹಸಿರಾಗಿ, ದಟ್ಟವಾಗಿ ಎದ್ದು ನಿಂತಿತ್ತು. ಒಂದು ಬುಡ ಹಿಡಿದು ಬಿಡಿಸಿ ನೋಡಿದೆ. ಒಂದೇ ಬೇರಿನಿಂದ ಮಗ್ಗುಲಿಗೆ ಮಗ್ಗುಲು ಮರಿ ಪೈರುಗಳು ಒಡೆದಿದ್ದವು. ಇದಕ್ಕೆ ತೆಂಡೆ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಎಣಿಸಿದೆ: ಆರು. ಪಕ್ಕದ್ದರಲ್ಲಿ ಏಳು. ಅಲ್ಲಿಂದ ಬೇಲಿಯ ಪಕ್ಕದ ಪಟ್ಟಿಗೆ ಹೋದೆ, ಕುಂಟೆ ತಾಗದೆ ಬಿಟ್ಟಿದ್ದ ಪಟ್ಟಿಗೆ. ಅಲ್ಲಿ ಪೈರು ಒತ್ತೊತ್ತಾಗಿ, ಸಣಕಲಾಗಿ, ಹಳದಿ ತಿರುಗಿತ್ತು. ಬುಡಕ್ಕೆ ಒಂದು, ಹೆಚ್ಚೆಂದರೆ ಎರಡು. ಪಟ್ಟಿಯ ತುದಿಯಲ್ಲಿ ನೆಟ್ಟಿದ್ದ ಒಂದು ಕಡ್ಡಿಗೆ ಹುಡುಗರ ಕೈಬರಹದ ಚೀಟಿ ಕಟ್ಟಿತ್ತು: "ಹೊಡೆಯದ್ದು." ಆಚೆ ಇನ್ನೊಂದು ಕಡ್ಡಿ: "ಹೊಡೆದದ್ದು."

ಇದು ಪಾಠವಾಗಿತ್ತು. ಪೀಠಿಕೆ ಬಿತ್ತಿದ ದಿನ ಆಗಿತ್ತು, ನಿರೂಪಣೆ ಆ ಶುಕ್ರವಾರ. ಪುನರಾವರ್ತನೆ ದಿನವೂ ನಡೆಯುತ್ತಿತ್ತು. ನಾನು ಮಲಗಿರುವಾಗ ಹುಡುಗರು ಬಂದು ಎಣಿಸಿ ಹೋಗುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಪಾಠಗಳನ್ನು ನೋಡಲು ಬಂದವನಿಗೆ ಒಂದು ತಿಂಗಳ ಪಾಠ ಕಣ್ಣಿಗೆ ಬಿದ್ದಿರಲಿಲ್ಲ.

ಇನ್‌ಸ್ಪೆಕ್ಟರು ನಾಲ್ಕನೆಯ ವಾರ ಬಂದರು. ಬೆಂಗಳೂರು ಪೇಟೆಯವರು, ಸೂಟು ಹಾಕಿದ್ದರು, ಆದರೆ ಸಿಡುಕರಲ್ಲ. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿ, ಹೆಡ್ಮೇಷ್ಟ್ರು, ಇಬ್ಬರು ಬೇಸಾಯದ ಮೇಷ್ಟ್ರು, ನಾನು, ಎಲ್ಲರನ್ನೂ ನಿಲ್ಲಿಸಿಕೊಂಡು ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿದರು. ನನ್ನ ಕನ್ನಡ ಅಷ್ಟು ಕೆಟ್ಟದಾಗಿ ನನ್ನ ಕಿವಿಗೆ ಎಂದೂ ಕೇಳಿರಲಿಲ್ಲ.

"ಇದಕ್ಕೆ ಏನು ಹೇಳ್ತೀರಿ?"

ಹಿರಿಯ ಮೇಷ್ಟ್ರು ಹೆಬ್ಬೆರಳನ್ನು ಮಣ್ಣಿನಲ್ಲಿ ಊರಿಕೊಂಡು ನಿಂತಿದ್ದರು. ಚಿಕ್ಕ ಮೇಷ್ಟ್ರು ಕಂಕುಳಲ್ಲಿದ್ದ ಪುಸ್ತಕ ತೆರೆದು "ಸಾರ್, ವ್ಯವಸಾಯ ಶಾಸ್ತ್ರದ ಪ್ರಕಾರ" ಎಂದು ಶುರು ಮಾಡಿದರು.

"ನಿಮ್ಮನ್ನ ಕೇಳಲಿಲ್ಲ. ಮಾಡಿಸಿದವರು ಹೇಳಲಿ."

ಮಾಡಿಸಿದವರು ಹೇಳಲಿಲ್ಲ. ನಾನು ಬಾಯಿ ಬಿಟ್ಟರೆ, ತಿಳಿಯದೆ ಬರೆದು ಮೇಲಧಿಕಾರಿಗಳನ್ನು ದಾರಿ ತಪ್ಪಿಸಿದೆ ಎಂದು ನಾನೇ ಸಹಿ ಮಾಡಿಕೊಟ್ಟ ಹಾಗೆ. ಮಾರ್ಕು ಹೋಗುತ್ತದೆ. ಅಪ್ಪ ಬೀದಿ ತಿರುಗುವುದು ಕಣ್ಣ ಮುಂದೆ ಬಂತು. ಬಾಯಿ ಬಿಡದಿದ್ದರೆ ಎರಡು ವಾರದಲ್ಲಿ ನಾನು ಊರಿಗೆ, ಇವರು ಕಾಣದ ಸೀಮೆಗೆ. ಎದುರಿಗೆ ನೋಡಿದರೆ, ಬೇಲಿಯ ಆಚೆ ಅಮ್ಮ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು.

"ಸಾರ್, ಅದನ್ನ ಬರೆದವನು ನಾನು. ತಿಳಿಯದೆ ಬರೆದೆ" ಅಂದೆ.

ಅಷ್ಟು ಹೇಳಿದ ಮೇಲೆ ಕಾಲು ತಾನಾಗಿ ನಡೆಯಿತು. ಹೊಲಕ್ಕೆ ಇಳಿದು ಬೇಲಿ ಪಟ್ಟಿಯಿಂದ ಒಂದು ಬುಡ, ಈಚೆಯಿಂದ ಒಂದು ಬುಡ ಕಿತ್ತು ತಂದು ಇನ್‌ಸ್ಪೆಕ್ಟರ ಮುಂದೆ ಹಿಡಿದೆ. ಎಣಿಸಿ ತೋರಿಸಿದೆ: ಒಂದರಲ್ಲಿ ಎರಡು, ಇನ್ನೊಂದರಲ್ಲಿ ಏಳು. ಎಂಟು ದಿನ ಬಿಟ್ಟು ಕೇಳಿ ಎಂದು ನನಗೆ ಹೇಳಿದ್ದರು, ನಾನು ಕೇಳಲಿಲ್ಲ ಎಂಬುದನ್ನೂ ಹೇಳಿದೆ. ಅವರು ಎರಡು ಬುಡವನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಸೂಟಿನ ಮೇಲೆ ಮಣ್ಣು ಬಿತ್ತು, ಒರೆಸಿಕೊಳ್ಳಲಿಲ್ಲ.

"ಹಾಗಾದರೆ ನೀವು ಬರೆದದ್ದು ಸುಳ್ಳೋ?"

"ಸುಳ್ಳಲ್ಲ ಸಾರ್. ಅರ್ಧ."

"ಅರ್ಧ ಬರೆದವರಿಗೆ ಅರ್ಧ ಮಾರ್ಕು ಕೊಡಬೇಕಾಗುತ್ತದಪ್ಪ" ಎಂದು ನಿಟ್ಟುಸಿರು ಬಿಟ್ಟು, ಹೆಡ್ಮೇಷ್ಟ್ರ ಕಡೆ ತಿರುಗಿ, "ಪಾಠ ನಡೀಲಿ" ಅಂದರು. ಹೋಗುವಾಗ ಆ ಏಳು ತೆಂಡೆಯ ಬುಡವನ್ನು ಕಾಗದದಲ್ಲಿ ಸುತ್ತಿಕೊಂಡು ತೆಗೆದುಕೊಂಡು ಹೋದರು.

ಎಲ್ಲರೂ ಚದುರಿದ ಮೇಲೆ ಮೇಷ್ಟ್ರು ಬದುವಿನ ಮೇಲೆ ಕೂತರು. ನನ್ನನ್ನೂ ಕೂರಲು ಸನ್ನೆ ಮಾಡಿದರು.

"ಎಂಟು ದಿನ ಅಂದಿದ್ದೆ. ಇಪ್ಪತ್ತು ಮೇಲಾಯ್ತು. ಈಗ ಕೇಳಿ."

"ಯಾಕೆ ಮೇಷ್ಟ್ರೇ ಪೈರು ಕೀಳಿಸಿದಿರಿ?"

"ಒತ್ತಾಗಿ ಬೆಳೆದ ಪೈರು ಪಕ್ಕದವನಿಗಿಂತ ಮೇಲೆ ಹೋಗ್ಬೇಕು ಅಂತ ಆಕಾಶಾನೇ ನೋಡ್ತದೆ. ಬೇರು ಬಿಡೋಕೆ ಅದಕ್ಕೆ ಪುರುಸೊತ್ತಿರಲ್ಲ. ಕುಂಟೆ ಹೊಡೆದ್ರೆ ಪಕ್ಕದವು ಹೋಯ್ತವೆ. ಉಳಿದದ್ದಕ್ಕೂ ಒಂದೆರಡು ಬೇರು ಹರೀತದೆ. ಆಗ ಗಾಬರಿ ಬಿದ್ದು ನಾಲ್ಕು ಬೇರು ಬಿಡ್ತದೆ. ಕೆಳಗೆ ನಾಲ್ಕು ಬೇರಿದ್ರೆ ಮೇಲೆ ನಾಲ್ಕು ತೆಂಡೆ."

ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಅದನ್ನ ಅವತ್ತೇ ಹೇಳಬಹುದಿತ್ತಲ್ಲ ಮೇಷ್ಟ್ರೇ?"

"ಹೇಳಿದ್ರೆ ಬರ್ಕೊಂತಿದ್ರಿ. ಬರ್ಕೊಂಡಿದ್ರೆ ನೋಡೋಕೆ ಬರ್ತಿರ್ಲಿಲ್ಲ."

ಆಮೇಲೆ, ನಾನು ಕೇಳದೆಯೇ, ತಮ್ಮ ಉದ್ದನೆಯ ಪುಸ್ತಕದ ಮಾತೆತ್ತಿದರು. "ಬಲಗಡೆ ಪುಟ ನನ್ನದು. ಕಂಡಿದ್ದು ಕಂಡ ದಿನವೇ ಬರೀತೀನಿ. ಎಡಗಡೆಯದು ಹೊಲದ್ದು. ಅದು ಯಾವಾಗ ಹೇಳ್ತದೋ ಆಗ ಬರೀಬೇಕು. ಒಂದೊಂದು ಸಲ ನಾನು ಬರೆದದ್ದನ್ನ ಅದು ತಪ್ಪು ಅಂತದೆ. ಅದಕ್ಕೇ ಜಾಗ ಬಿಟ್ಟಿರಬೇಕು."

ಇನ್‌ಸ್ಪೆಕ್ಟರು ಆಡಿದ ಮಾತಿನಂತೆಯೇ ನಡೆದುಕೊಂಡರು. ನನ್ನ ಮಾರ್ಕು ಸಾಲದೆ ವೀಕ್ಷಣೆಯನ್ನು ಇನ್ನೊಮ್ಮೆ ಮಾಡಬೇಕಾಯಿತು, ಸರ್ಟಿಫಿಕೇಟು ಅರ್ಧ ವರ್ಷ ತಡವಾಯಿತು. ಅಪ್ಪ ಬೈಯಲಿಲ್ಲ, ಆದರೆ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಎರಡನೆಯ ಸಲದ ವೀಕ್ಷಣೆಗೆ ಯಾವ ಶಾಲೆ ಬೇಕು ಎಂದು ಕೇಳಿದಾಗ ನಾನು ಅದೇ ಶಾಲೆ ಕೇಳಿದೆ. ಉಪನ್ಯಾಸಕರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು. ಹಾಗೆ ಆ ರಾಗಿಯ ಕೊಯ್ಲನ್ನೂ ಕಂಡೆ. ಹುಡುಗರ ಜೊತೆ ನಾನೂ ಕುಡುಗೋಲು ಹಿಡಿದು, ಮೊದಲ ಹತ್ತು ನಿಮಿಷದಲ್ಲೇ ಬೆರಳು ಕುಯ್ದುಕೊಂಡೆ. ಮೇಷ್ಟ್ರು ಯಾವುದೋ ಸೊಪ್ಪು ಅರೆದು ಕಟ್ಟಿದರು. ಯಾವ ಸೊಪ್ಪು ಎಂದು ಕೇಳಿದ್ದಕ್ಕೆ "ವಾಸಿ ಆಗ್ಲಿ, ಹೇಳ್ತೀನಿ" ಅಂದರು.

ಪೆನ್ಷನ್ ಆದ ವರ್ಷ ಮೇಷ್ಟ್ರು ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಿದ್ದರು. ಅಪ್ಪನ ಮಗ್ಗದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಹಾಸಿನ ನೂಲಿಗೆ ಯಾಕೆ ಗಂಜಿ, ಲಾಳಿ ಎಷ್ಟು ದಿನ ಬರುತ್ತದೆ, ಮಳೆಗಾಲದಲ್ಲಿ ನೂಲು ಏನಾಗುತ್ತದೆ ಎಂದು ಕೇಳಿದ್ದೇ ಕೇಳಿದ್ದು. ಯಾರನ್ನೂ ಎಂಟು ದಿನ ಕಾಯಿಸದೆ ಉತ್ತರ ಹೇಳುವ ನಮ್ಮಪ್ಪ ಖುಷಿಯಾಗಿಬಿಟ್ಟರು. "ಎಳೆ ಹರಿದ್ರೆ ಲಾಭ ಅಂತೀರಂತೆ ನೀವು? ಇಲ್ಲಿ ಹರಿದ್ರೆ ಹರಿದ್ಹೋಯ್ತು ಅಷ್ಟೇ" ಎಂದು ಕಿಚಾಯಿಸಿದರು.

ಮೇಷ್ಟ್ರು ಹಾಸಿನ ಮೇಲೆ ಅಂಗೈ ಆಡಿಸುತ್ತಾ, "ಅದಕ್ಕೇ ನಿಮ್ಮ ಮಗ ಅವತ್ತು ಅಷ್ಟು ಹೆದರಿದ್ದು. ಈಗ ಗೊತ್ತಾಯ್ತು ನೋಡಿ" ಅಂದರು. ನನ್ನ ತಪ್ಪಿನ ಬೇರನ್ನೂ ಅವರೇ ಹುಡುಕಿ ಕೊಟ್ಟರು.

ಅಷ್ಟರಲ್ಲಿ ನನಗೂ ಮೇಷ್ಟ್ರ ಕೆಲಸವಾಗಿತ್ತು. ನಮ್ಮ ಸೀಮೆಯ ವಿಜಯಪುರದ ಕಡೆಯ ಹಳ್ಳಿಗಳಲ್ಲಿ ಬಹಳ ವರ್ಷ ಕಲಿಸಿದೆ. ನನ್ನ ಕೈಕೆಳಗಿನ ಹುಡುಗರ ಬಗ್ಗೆ, ಮೇಷ್ಟ್ರುಗಳ ಬಗ್ಗೆ ಏನು ಬರೆದರೂ ಬಲಗಡೆಯ ಪುಟದಲ್ಲಿ ಮಾತ್ರ ಬರೆದೆ. ದಡ್ಡ ಎಂದು ಬರೆದ ಎಷ್ಟೋ ಹುಡುಗರ ಎದುರು ಪುಟಕ್ಕೆ ಆಮೇಲೆ ನಾನು ತಲೆ ತಗ್ಗಿಸಿ ಬೇರೆ ಸಾಲು ಬರೆಯಬೇಕಾಯಿತು. ಆ ಖಾಲಿ ಜಾಗ ಇರದಿದ್ದರೆ ಅವರ ಗತಿ ಏನಾಗುತ್ತಿತ್ತೋ, ನನ್ನ ಗತಿ ಏನಾಗುತ್ತಿತ್ತೋ.

ಹಿರಿಯ ಮೇಷ್ಟ್ರು ತೀರಿಹೋದ ಸುದ್ದಿ ಚಿಕ್ಕ ಮೇಷ್ಟ್ರ ಕಾರ್ಡಿನಲ್ಲಿ ಬಂತು. ಕಾರ್ಡು ಕೈಗೆ ಸಿಗುವ ಹೊತ್ತಿಗೆ ಕಾರ್ಯವೆಲ್ಲ ಮುಗಿದಿತ್ತು. ಹೋದೆ. ಅಮ್ಮ ಕಂಬಕ್ಕೆ ಒರಗಿ ಕೂತಿದ್ದವರು ನನ್ನನ್ನು ನೋಡಿ ಅತ್ತರು, ನಾನೂ ಅತ್ತೆ. ಆಮೇಲೆ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಪುಸ್ತಕಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು.

"ದೊಡ್ಡಬಳ್ಳಾಪುರದ ಮೇಷ್ಟ್ರಿಗೇ ಕೊಡ್ಬೇಕು ಅಂದವ್ರೆ."

ನಾನು ಹುಡುಕಿದ್ದು ಒಂದೇ ಪುಟ. ಸಿಕ್ಕಿತು. ಆ ಶ್ರಾವಣದ ಮೊದಲ ಸೋಮವಾರ. ಬಲಗಡೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ: "ತುಂತುರು ಮಳೆ. ಪೈರು ಒತ್ತಾಗಿದೆ, ಶುಕ್ರವಾರ ಕುಂಟೆ. ಟ್ರೈನಿಂಗಿನಿಂದ ಒಬ್ಬ ಹುಡುಗ ಬಂದಿದ್ದಾನೆ. ಮಣ್ಣಿಗೆ ಕಾಲಿಡಲು ಹೇಸುತ್ತಾನೆ. ಬಾಯಿ ಜೋರು. ಇವನು ಮೇಷ್ಟ್ರಾಗುವವನಲ್ಲ."

ಅಂದರೆ ಬಾಯ್ತುಂಬ ಮೇಷ್ಟ್ರೇ ಎಂದು ಕರೆಯುತ್ತಿದ್ದ ದಿನಗಳಲ್ಲೇ ಅವರು ಇದನ್ನು ಬರೆದು ಇಟ್ಟಿದ್ದರು. ಎಡಗಡೆಯ ಪುಟಕ್ಕೆ ಕಣ್ಣು ಹಾಯಿಸಿದೆ. ಶಾಯಿ ಬೇರೆ, ತಾರೀಖು ಇನ್‌ಸ್ಪೆಕ್ಟರು ಬಂದು ಹೋದ ದಿನದ್ದು. ಎರಡೇ ಸಾಲು.

"ಏನ್ ಬರ್ದವ್ರಪ್ಪಾ?" ಅಮ್ಮ ಕೇಳಿದರು. ಅವರಿಗೆ ಓದು ಬರುತ್ತಿರಲಿಲ್ಲ.

ಎರಡು ಕಡೆಯದನ್ನೂ ಗಟ್ಟಿಯಾಗಿ ಓದಿದೆ. ಎಡಗಡೆಯದು ಇಷ್ಟು: "ಬಲಗಡೆ ಬರೆದದ್ದು ತಪ್ಪು. ನಾನೂ ಎಂಟು ದಿನ ಕಾಯಬೇಕಾಗಿತ್ತು."

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವರು ತಟ್ಟನೆ ನಿಲ್ಲಿಸಿದರು. "ತಪ್ಪು ಅಂತ ಬರ್ದವ್ರಾ? ನಮ್ಮೋರು? ಇಷ್ಟ್ ವರ್ಸದಾಗೆ ನನ್ ತಾವ ಒಂದ್ ಸಲಾನೂ ಅನ್ಲಿಲ್ವಲ್ಲಪ್ಪಾ" ಎಂದರು. ಅಳುವಿನ ಮಧ್ಯೆಯೇ ಅವರಿಗೆ ನಗು ಬಂದುಬಿಟ್ಟಿತು. ಕಂಬ ಬಿಟ್ಟು ನನ್ನ ಹತ್ತಿರ ಸರಿದು ಕೂತು, ಆ ಪುಟದ ಮೇಲೆ ಬೆರಳಿಟ್ಟರು.

"ಇನ್ನೊಂದ್ ಕಿತ ಓದು."

ಓದಿದೆ.